ತಪ್ಪು ಉತ್ತರ ಓದಿಕೊಂಡು ಕ್ಲಾಸಿಗೆ ಹೋಗುವುದು

(ಪದವಿ ಕಾಲೇಜು ಅಧ್ಯಾಪಕರ ಕಾರ್ಯಾಗಾರವೊಂದರಲ್ಲಿ ಆಡಿದ ಮಾತುಗಳನ್ನು ಅಲ್ಲಲ್ಲಿ ತಿದ್ದಿ ಬರೆದದ್ದು.)

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮುಂಚಿನ ಗಂಟೆಯನ್ನು ನನಗೆ ಕೊಟ್ಟಿದ್ದಾರೆ. ಟೈಮ್‌ಟೇಬಲ್ ಹಾಕುವಾಗ ಈ ಗಂಟೆಗೆ ಎಂಥ ಜಗಳ ಆಗುತ್ತದೆ ಅಂತ ಇಲ್ಲಿರುವ ಎಲ್ಲರಿಗೂ ಗೊತ್ತು. ಹಾಗಾಗಿ ಪೀಠಿಕೆ ಬೇಡ, ನನ್ನ ಒಂದು ಪೆದ್ದುತನದಿಂದಲೇ ಶುರು ಮಾಡುತ್ತೇನೆ.

2020ರ ಮಾರ್ಚ್‌ನಲ್ಲಿ ಕಾಲೇಜುಗಳು ಮುಚ್ಚಿದವು. ನಾನು ಅರ್ಥಶಾಸ್ತ್ರ ಹೇಳುವವನು. ನಮ್ಮ ಕಾಲೇಜಿನಲ್ಲಿ ಮೂಡಲ್ ಇತ್ತು, ಅಂದರೆ ಓದು, ಕ್ವಿಜ್, ಅಸೈನ್‌ಮೆಂಟ್ ಎಲ್ಲ ಆನ್‌ಲೈನ್‌ನಲ್ಲಿ ನಡೆಸುವ ತಂತ್ರಾಂಶ. ಬಳಸುವವರು ಇರಲಿಲ್ಲ. ನಾನು ಹುರುಪಿನಿಂದ ನನ್ನ ಪೇಪರಿಗೆ ಒಂದು ಕೋರ್ಸ್ ತೆರೆದೆ. ಹಳೆಯ ನೋಟ್ಸ್ ಎಲ್ಲ ಸ್ಕ್ಯಾನ್ ಮಾಡಿದೆ. ಸಿಲಬಸ್, ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ, ಪಿಪಿಟಿ, ಯೂಟ್ಯೂಬ್ ಲಿಂಕು, ಒಂದೂ ಬಿಡದೆ ಏರಿಸಿದೆ. ಏನೋ ದೊಡ್ಡ ಕೆಲಸ ಮುಗಿಸಿದ ತೃಪ್ತಿ. ಸೆಮಿಸ್ಟರ್ ಕೊನೆಗೆ ಒಬ್ಬ ಹುಡುಗ ಫೋನ್ ಮಾಡಿ, "ಸರ್, ನೋಟ್ಸ್ ಗ್ರೂಪಿಗೆ ಹಾಕ್ತೀರಾ?" ಅಂದ. ಗ್ರೂಪು ಅಂದರೆ ವಾಟ್ಸಾಪ್. ಅವನು ಮೂಡಲ್ ಒಳಗೆ ಕಾಲಿಟ್ಟಿರಲೇ ಇಲ್ಲ. ಅವನೊಬ್ಬನೇ ಅಲ್ಲ ಅಂತ ಆಮೇಲೆ ಗೊತ್ತಾಯಿತು.

ಹಳೆಯ ಮನೆಗಳಲ್ಲಿ ಅಟ್ಟ ಇರುತ್ತದೆ ನೋಡಿ. ತಾಮ್ರದ ಹಂಡೆ, ಮುರಿದ ತೊಟ್ಟಿಲು, ಅಜ್ಜನ ಟ್ರಂಕು, ಎಲ್ಲವೂ ಭದ್ರವಾಗಿರುತ್ತವೆ. ಯಾರೂ ಹತ್ತಿ ನೋಡುವುದಿಲ್ಲ. ನಾನು ಕಟ್ಟಿದ್ದು ಒಂದು ಅಟ್ಟ. ನಮ್ಮಲ್ಲಿ ಬಹಳ ಕಾಲೇಜುಗಳ ಎಲ್‌ಎಂಎಸ್, ಅಂದರೆ ಮೂಡಲ್‌ನಂಥ ವ್ಯವಸ್ಥೆ, ಹೀಗೇ ಇದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ತಿಂಗಳು ಏಣಿ ಹಾಕಿ ಧೂಳು ಹೊಡೆಯುತ್ತೇವೆ. ನಗಬೇಡಿ, ನಾನೂ ಹೊಡೆದಿದ್ದೇನೆ.

ಮೂಡಲ್ ಅಂದಾಗಲೆಲ್ಲ ನನಗೆ ಮೂಡಲ ದಿಕ್ಕು ನೆನಪಾಗುತ್ತದೆ. ಹೆಸರಿಗೂ ನಮ್ಮ ಮೂಡಲಕ್ಕೂ ಸಂಬಂಧವಿಲ್ಲ, ಒಂದು ಉದ್ದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಅಷ್ಟೇ. ಆಸ್ಟ್ರೇಲಿಯಾದ ಪರ್ತ್ ನಗರದ ಮಾರ್ಟಿನ್ ಡೂಜಿಯಾಮಸ್ ಇದನ್ನು ಕಟ್ಟಿದವರು. ಮೊದಲ ಆವೃತ್ತಿ ಬಂದದ್ದು 2002ರ ಆಗಸ್ಟ್‌ನಲ್ಲಿ. ಅವರು ಹುಡುಗನಾಗಿದ್ದಾಗ ಇದ್ದದ್ದು ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯ ಒಂದು ಮೂಲೆಯಲ್ಲಿ. ಹತ್ತಿರದಲ್ಲಿ ಶಾಲೆ ಇಲ್ಲ. ಪಾಠ ರೇಡಿಯೊದಲ್ಲಿ ನಡೆಯುತ್ತಿತ್ತು. ದೂರದ ಮಕ್ಕಳಿಗೆ ಹಾಗೆ ರೇಡಿಯೊದಲ್ಲೇ ಶಾಲೆ ನಡೆಸುವ ಪದ್ಧತಿ ಆಗ ಅಲ್ಲಿ ಇತ್ತು. ಅದರಲ್ಲಿ ಒಂದು ವಿಶೇಷ ಇತ್ತು. ಮಕ್ಕಳು ಸುಮ್ನೆ ಕೇಳುವುದಲ್ಲ, ಆ ಕಡೆಯಿಂದ ಮಾತಾಡಲೂಬಹುದಿತ್ತು. ನಾನು ಇವತ್ತು ಹೇಳುವುದೆಲ್ಲ ಈ ಒಂದು ಮಾತಿನ ಸುತ್ತ. ಆ ಕಡೆಯಿಂದ ಹುಡುಗರು ಏನಂದರು ಅಂತ ಕೇಳಿಸಿಕೊಳ್ಳುವುದಕ್ಕೆ ಈ ಯಂತ್ರ ಇದೆ. ನಾವು ಅದನ್ನು ಬರೀ ಹೇಳುವುದಕ್ಕೆ ಬಳಸುತ್ತಿದ್ದೇವೆ.

ನಾನು ಈಗ ಮಾಡುವುದನ್ನು ಹೇಳುತ್ತೇನೆ. ಸೋಮವಾರ 10 ಗಂಟೆಗೆ ನನ್ನ ಕ್ಲಾಸು. ಶುಕ್ರವಾರ ಸಂಜೆ ಮೂಡಲ್‌ನಲ್ಲಿ ಮೂರು ಪುಟದ ಓದು ಹಾಕುತ್ತೇನೆ, ಜೊತೆಗೆ ಐದೇ ಪ್ರಶ್ನೆಯ ಕ್ವಿಜ್. ಸೋಮವಾರ ಬೆಳಿಗ್ಗೆ 8ಕ್ಕೆ ಅದು ಮುಚ್ಚಿಕೊಳ್ಳುತ್ತದೆ. 8ರಿಂದ 9ರ ನಡುವೆ ಕಾಫಿ ಕುಡಿಯುತ್ತಾ ಉತ್ತರ ನೋಡುತ್ತೇನೆ. ಸರಿ ಉತ್ತರ ನೋಡುವುದಿಲ್ಲ. ತಪ್ಪು ಎಲ್ಲಿ ಗುಂಪುಗಟ್ಟಿದೆ ಅಂತ ನೋಡುತ್ತೇನೆ. ಕ್ಲಾಸಿಗೆ ಹೋಗಿ ಅಲ್ಲಿಂದ ಶುರು ಮಾಡುತ್ತೇನೆ.

ಇದು ನನ್ನ ಕಲ್ಪನೆಯಲ್ಲ. 1990ರ ದಶಕದಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಭೌತಶಾಸ್ತ್ರದ ಮೇಷ್ಟ್ರುಗಳು ಶುರು ಮಾಡಿದ ವಿಧಾನ. ಅವರ ವಿದ್ಯಾರ್ಥಿಗಳಲ್ಲಿ ಬಹಳ ಜನ ಕೆಲಸಕ್ಕೆ ಹೋಗಿ ಓದುವವರು, ಕ್ಯಾಂಪಸ್‌ನಲ್ಲಿ ಸಿಗುತ್ತಿರಲಿಲ್ಲ. ಮನೆಯಿಂದಲೇ ವೆಬ್‌ನಲ್ಲಿ ಉತ್ತರ ಕಳಿಸುತ್ತಿದ್ದರು. ಮೇಷ್ಟ್ರು ಅದನ್ನು ನೋಡಿ ಅವತ್ತಿನ ಪಾಠ ತಿದ್ದಿಕೊಳ್ಳುತ್ತಿದ್ದರು. ಬೆಳಿಗ್ಗೆ ಪಾರ್ಟ್‌ಟೈಮ್ ಕೆಲಸ ಮುಗಿಸಿ ಎರಡು ಬಸ್ಸು ಬದಲಾಯಿಸಿ ಬರುವ ನಮ್ಮ ಹುಡುಗರಿಗೂ ಇದು ಹೊಂದುತ್ತದೆ, ಅಲ್ವಾ?

ಒಂದು ಉದಾಹರಣೆ. 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ 100 ರೂಪಾಯಿ ದಾಟಿದ್ದು ನೆನಪಿದೆಯಲ್ಲ. ಅದನ್ನೇ ಕೇಳಿದೆ. "ಟೊಮೆಟೊ ಬೆಲೆ ಏರಿತು, ಜನ ಕಡಿಮೆ ಕೊಂಡರು. ಬೇಡಿಕೆ ರೇಖೆಗೆ ಏನಾಯಿತು?" ಬೇಡಿಕೆ ರೇಖೆ ಅಂದರೆ ಯಾವ ಬೆಲೆಗೆ ಜನ ಎಷ್ಟು ಕೊಳ್ಳುತ್ತಾರೆ ಅಂತ ತೋರಿಸುವ ಗೆರೆ. ಅರ್ಧಕ್ಕಿಂತ ಜಾಸ್ತಿ ಜನ "ರೇಖೆ ಎಡಕ್ಕೆ ಸರಿಯಿತು" ಅಂತ ಒತ್ತಿದ್ದರು. ತಪ್ಪು. ಬೆಲೆಯೇ ಕಾರಣವಾದಾಗ ನಾವು ಅದೇ ರೇಖೆಯ ಮೇಲೆ ಮೇಲಕ್ಕೆ ಹೋಗುತ್ತೇವೆ, ರೇಖೆ ಇದ್ದಲ್ಲೇ ಇರುತ್ತದೆ. ಜನರ ಆದಾಯ ಬಿದ್ದರೋ, ರುಚಿ ಬದಲಾದರೋ ಆಗ ರೇಖೆಯೇ ಸರಿಯುತ್ತದೆ. ಈ ವ್ಯತ್ಯಾಸವನ್ನು ನಾನು ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. "ಅರ್ಥ ಆಯ್ತಾ?" ಅಂದರೆ "ಆಯ್ತು ಸಾರ್" ಅಂದಿದ್ದಾರೆ. ಪರೀಕ್ಷೆಯಲ್ಲಿ ವ್ಯಾಖ್ಯೆ ಬರೆದು ಅಂಕವನ್ನೂ ತೆಗೆದುಕೊಂಡಿದ್ದಾರೆ. ಅವರಿಗೆ ಅರ್ಥವಾಗಿರಲಿಲ್ಲ ಅಂತ ನನಗೆ ತಿಳಿದದ್ದು ಆ ಸೋಮವಾರ ಬೆಳಿಗ್ಗೆ.

ಹಾಗಾಗಿ ಪ್ರಶ್ನೆ ಬರೆಯುವುದರಲ್ಲೇ ಎಲ್ಲ ಇದೆ. ಅದರಲ್ಲೂ ತಪ್ಪು ಆಯ್ಕೆಗಳನ್ನು ಬರೆಯುವುದರಲ್ಲಿ. ನಾವು ಸಾಮಾನ್ಯವಾಗಿ ಸರಿ ಉತ್ತರ ಒಂದು ಬರೆದು, ಉಳಿದ ಮೂರು ಜಾಗಕ್ಕೆ ಬಾಯಿಗೆ ಬಂದದ್ದು ತುಂಬುತ್ತೇವೆ. ಅಂಥ ಪ್ರಶ್ನೆಯಿಂದ ಏನೂ ಗೊತ್ತಾಗುವುದಿಲ್ಲ. ಬೇಡಿಕೆಯ ಸ್ಥಿತಿಸ್ಥಾಪಕತ್ವದ ಲೆಕ್ಕ ತೆಗೆದುಕೊಳ್ಳಿ, ಅಂದರೆ ಬೆಲೆ ಶೇ 1 ಬದಲಾದರೆ ಮಾರಾಟ ಶೇಕಡಾ ಎಷ್ಟು ಬದಲಾಗುತ್ತದೆ ಅಂತ. ಅರ್ಥಶಾಸ್ತ್ರದವರಲ್ಲದಿದ್ದರೂ ಪರವಾಗಿಲ್ಲ, ಗುಣಾಕಾರ ಭಾಗಾಕಾರ ಸಾಕು. ಪೆನ್ನಿನ ಬೆಲೆ 10ರಿಂದ 12 ರೂಪಾಯಿ ಆಯಿತು. ಮಾರಾಟ 100ರಿಂದ 90ಕ್ಕೆ ಇಳಿಯಿತು. ಬೆಲೆ ಶೇ 20 ಏರಿತು, ಮಾರಾಟ ಶೇ 10 ಇಳಿಯಿತು. 10ನ್ನು 20ರಿಂದ ಭಾಗಿಸಿದರೆ ಉತ್ತರ 0.5. ಈಗ ತಪ್ಪು ಆಯ್ಕೆಗಳು. 2 ಅಂತ ಒಂದು ಇಡುತ್ತೇನೆ. ಅದನ್ನು ಒತ್ತಿದವನು ಭಾಗಾಕಾರವನ್ನು ತಲೆಕೆಳಗು ಮಾಡಿದ್ದಾನೆ. 5 ಅಂತ ಇನ್ನೊಂದು. ಅವನು ಶೇಕಡಾ ಮಾಡದೆ 10 ಪೆನ್ನನ್ನು 2 ರೂಪಾಯಿಯಿಂದ ಭಾಗಿಸಿದ್ದಾನೆ. 0.2 ಒತ್ತಿದವನು ಎರಡೂ ತಪ್ಪು ಒಟ್ಟಿಗೆ ಮಾಡಿದ್ದಾನೆ. ಪ್ರತಿ ಆಯ್ಕೆಯ ಹಿಂದೆ ಒಂದು ಎಡವಟ್ಟು ಇದೆ. ಯಾರು ಯಾವುದನ್ನು ಒತ್ತಿದರು ಅಂತ ನೋಡಿದರೆ ಅವರ ರಫ್ ಪುಟವನ್ನೇ ನೋಡಿದ ಹಾಗೆ.

ಮೂಡಲ್‌ನಲ್ಲಿ ಪ್ರತಿ ಆಯ್ಕೆಯ ಕೆಳಗೂ ಒಂದು ಫೀಡ್‌ಬ್ಯಾಕ್ ಜಾಗ ಇದೆ. ಅದನ್ನು ಖಾಲಿ ಬಿಡಬೇಡಿ. 2 ಒತ್ತಿದವನಿಗೆ "ಯಾವುದನ್ನು ಯಾವುದರಿಂದ ಭಾಗಿಸಿದೆ, ಇನ್ನೊಮ್ಮೆ ನೋಡಪ್ಪ" ಅಂತ ಬರೆದಿದ್ದೇನೆ. ಹಾಗೇ, ಎದುರಿಗೆ ಮಾತಾಡಿದಂತೆ. ರಾತ್ರಿ ಹನ್ನೊಂದಕ್ಕೆ ಹಾಸ್ಟೆಲಿನಲ್ಲಿ ಕೂತವನಿಗೆ ನಾನು ಪಕ್ಕದಲ್ಲಿ ಇದ್ದ ಹಾಗಾಗುತ್ತದೆ. ಎರಡು ಸಲ ಪ್ರಯತ್ನಿಸಲು ಬಿಡುತ್ತೇನೆ, ಹೆಚ್ಚು ಬಂದ ಅಂಕ ತೆಗೆದುಕೊಳ್ಳುತ್ತೇನೆ. ಲೆಕ್ಕದ ಪ್ರಶ್ನೆಗಳಲ್ಲಿ ಇನ್ನೊಂದು ಅನುಕೂಲ ಇದೆ. ಸಂಖ್ಯೆಯ ಜಾಗದಲ್ಲಿ ಅಕ್ಷರ ಇಟ್ಟು ಸೂತ್ರ ಕೊಟ್ಟರೆ, ಒಬ್ಬೊಬ್ಬರಿಗೆ ಒಂದೊಂದು ಸಂಖ್ಯೆ ಬರುತ್ತದೆ. ಪಕ್ಕದವನ ಉತ್ತರ ಉಪಯೋಗಕ್ಕೆ ಬರುವುದಿಲ್ಲ. ವಿಧಾನ ಕೇಳಬೇಕಾಗುತ್ತದೆ. ಹಾಗೆ ಕೇಳಿ ಕಲಿತರೆ ನನಗೆ ಸಂತೋಷವೇ.

ಕಾಪಿ ಹೊಡೆಯುವುದಿಲ್ಲವೇ ಅಂತ ನೀವು ಕೇಳುತ್ತೀರಿ. ಹೊಡೆಯುತ್ತಾರೆ. ಅದಕ್ಕೇ ಇಡೀ ಸೆಮಿಸ್ಟರಿನ ಕ್ವಿಜ್‌ಗಳಿಗೆ ಸೇರಿ ಇಂಟರ್ನಲ್‌ನಲ್ಲಿ 5 ಅಂಕ ಅಷ್ಟೇ ಇಟ್ಟಿದ್ದೇನೆ. ಅಂಕ ಜಾಸ್ತಿ ಇಟ್ಟರೆ ನನಗೆ ಸಿಗುವುದು ಹುಡುಗರ ಉತ್ತರ ಅಲ್ಲ, ಕ್ಲಾಸಿನ ಜಾಣ ಹುಡುಗಿಯೊಬ್ಬಳ ಉತ್ತರದ ಎಂಬತ್ತು ಪ್ರತಿ. ನನಗೆ ಬೇಕಿರುವುದು ಅವರ ಪ್ರಾಮಾಣಿಕ ತಪ್ಪು. ಅದಕ್ಕೆ ಭಯ ಕಡಿಮೆ ಇರಬೇಕು.

ಇನ್ನೊಂದು ಕಾರಣವೂ ಇದೆ ಕ್ವಿಜ್ ಹಿಡಿದುಕೊಂಡದ್ದಕ್ಕೆ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನೋವಿಜ್ಞಾನಿಗಳು 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಗದ್ಯ ಕೊಟ್ಟರು. ಒಂದು ಗುಂಪು ಅದನ್ನು ನಾಲ್ಕು ಅವಧಿ ಓದಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಮೂರು ಅವಧಿ ಪುಸ್ತಕ ಮುಚ್ಚಿಟ್ಟು ನೆನಪಾದದ್ದನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದರೆ ಓದಿದವರೇ ಮುಂದೆ. ಒಂದು ವಾರದ ನಂತರ ಕೇಳಿದರೆ ಓದಿದವರಿಗೆ ನೆನಪಿದ್ದದ್ದು ಸುಮಾರು ಶೇ 40, ನೆನಪಿಸಿಕೊಂಡು ಬರೆದವರಿಗೆ ಶೇ 61. ನಮ್ಮ ಕೂಲಿಮಠದ ಮೇಷ್ಟ್ರಿಗೆ ಇದನ್ನು ಹೇಳಿದ್ದರೆ ನಗುತ್ತಿದ್ದರೇನೋ. ಅವರು ದಿನಾ ಮಗ್ಗಿ ಒಪ್ಪಿಸಲು ಹೇಳುತ್ತಿದ್ದರು. ಓದುವುದು ಬೇರೆ, ಒಪ್ಪಿಸುವುದು ಬೇರೆ. ಡಿಗ್ರಿಗೆ ಬರುವ ಹೊತ್ತಿಗೆ ನಾವು ಒಪ್ಪಿಸುವುದನ್ನು ಬಿಡಿಸಿ ನೋಟ್ಸ್ ಕೊಟ್ಟು ಕೂರಿಸಿದ್ದೇವೆ.

ವಿಡಿಯೊ ಬಗ್ಗೆ ಎರಡು ಮಾತು ಸಾಕು. ಎಡೆಕ್ಸ್ ಎಂಬ ಆನ್‌ಲೈನ್ ತಾಣದ ಕೋರ್ಸ್‌ಗಳ 69 ಲಕ್ಷ ವೀಕ್ಷಣೆಗಳ ದಾಖಲೆ ಇಟ್ಟುಕೊಂಡು 2014ರಲ್ಲಿ ಒಂದು ಅಧ್ಯಯನ ಬಂತು. ವಿಡಿಯೊ ಎಷ್ಟೇ ಉದ್ದ ಇರಲಿ, ಒಂದು ಕೂರುವಿಕೆಯಲ್ಲಿ ಜನ ಸಾಮಾನ್ಯವಾಗಿ ನೋಡಿದ್ದು ಹೆಚ್ಚೆಂದರೆ ಆರು ನಿಮಿಷದಷ್ಟು. ಒಂದು ಗಂಟೆಯ ಪಾಠವನ್ನು ರೆಕಾರ್ಡ್ ಮಾಡಿ ಏರಿಸುವ ಮುಂಚೆ ಇದನ್ನು ನೆನಪಿಡಿ. ಎನ್‌ಪಿಟಿಇಎಲ್, ಸ್ವಯಂ ಎಂಬ ನಮ್ಮ ದೇಶದ ಆನ್‌ಲೈನ್ ಪಾಠದ ತಾಣಗಳಲ್ಲಿ ದೊಡ್ಡ ವಿದ್ವಾಂಸರ ಪಾಠಗಳು ಸಿದ್ಧವಾಗಿವೆ. "12ನೇ ನಿಮಿಷದಿಂದ 17ರವರೆಗೆ ನೋಡಿ, ಆಮೇಲೆ ಈ ಪ್ರಶ್ನೆಗೆ ಉತ್ತರಿಸಿ" ಅಂದರೆ ಸಾಕು. ಎಲ್ಲವನ್ನೂ ನಾವೇ ಕ್ಯಾಮೆರಾ ಮುಂದೆ ಕೂತು ಹೇಳಬೇಕಿಲ್ಲ.

ಈಗ ಕನ್ನಡ ಮಾಧ್ಯಮದವರ ಸಂಕಟ. ಇದನ್ನು ಯಾವ ತರಬೇತಿಯಲ್ಲೂ ಹೇಳುವುದಿಲ್ಲ, ಅದಕ್ಕೆ ನಾನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಮ್ಮಲ್ಲಿ ಬಹಳ ಜನರ ನೋಟ್ಸ್ ಇರುವುದು ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ. ಅದನ್ನು ಕಾಪಿ ಮಾಡಿ ಮೂಡಲ್‌ಗೆ ಅಂಟಿಸಿ ನೋಡಿ. ಪರದೆಯ ಮೇಲೆ ಇಂಗ್ಲಿಷ್ ಅಕ್ಷರ, ಕೊಂಬು, ಚುಕ್ಕಿಗಳ ಕಲಸುಮೇಲೋಗರ. ಕಂಪ್ಯೂಟರ್ ಕೆಟ್ಟಿಲ್ಲ. ಆ ಫಾಂಟು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿತ್ತು, ಅಷ್ಟೇ. ಯೂನಿಕೋಡ್‌ಗೆ, ಅಂದರೆ ಎಲ್ಲ ಯಂತ್ರಗಳೂ ಕನ್ನಡವೆಂದೇ ಗುರುತಿಸುವ ಸಂಕೇತಕ್ಕೆ, ಬದಲಾಯಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಬದಲಾಯಿಸಿದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತನ್ನು ಒಮ್ಮೆ ಕಣ್ಣಾಡಿಸಿ. ಸ್ಕ್ಯಾನ್ ಮಾಡಿ ಚಿತ್ರವಾಗಿ ಏರಿಸುವುದು ಸುಲಭ, ನಿಜ. ಆದರೆ ಮೊಬೈಲಿನಲ್ಲಿ ಓದಲು ಆಗುವುದಿಲ್ಲ, ಹುಡುಕಲು ಆಗುವುದಿಲ್ಲ, ಕಣ್ಣು ಕಾಣದ ವಿದ್ಯಾರ್ಥಿಯ ಫೋನು ಅದನ್ನು ಓದಿ ಹೇಳುವುದೂ ಕಷ್ಟ.

ಒಂದು ಪದದ ಉತ್ತರ ಬರೆಸುವ ಪ್ರಶ್ನೆ ಕನ್ನಡದಲ್ಲಿ ಇಟ್ಟು ನಾನು ಬೈಸಿಕೊಂಡಿದ್ದೇನೆ. ನಾನು ಸರಿ ಉತ್ತರ "ಕಂಪನಿ" ಅಂತ ಕೊಟ್ಟಿದ್ದೆ. ಹುಡುಗಿ "ಕಂಪೆನಿ" ಅಂತ ಬರೆದಳು. ಯಂತ್ರ ಸೊನ್ನೆ ಕೊಟ್ಟಿತು. ಇನ್ನೊಬ್ಬ ಉತ್ತರದ ಕೊನೆಗೆ ಪೂರ್ಣವಿರಾಮ ಇಟ್ಟಿದ್ದ, ಅವನಿಗೂ ಸೊನ್ನೆ. "ಕಾರ್ಯ" ಎಂಬ ಪದವನ್ನು ಕೀಲಿಮಣೆಯಲ್ಲಿ ಎರಡು ರೀತಿ ಮೂಡಿಸಬಹುದು, ನಮ್ಮ ಕಣ್ಣಿಗೆ ಎರಡೂ ಒಂದೇ ಪದ, ಯಂತ್ರಕ್ಕೆ ಬೇರೆ ಬೇರೆ. ಅಂದಿನಿಂದ ಕನ್ನಡದಲ್ಲಿ ಒತ್ತುವ ಪ್ರಶ್ನೆ, ಹೊಂದಿಸುವ ಪ್ರಶ್ನೆ, ಸಂಖ್ಯೆಯ ಪ್ರಶ್ನೆ ಇಷ್ಟನ್ನೇ ಯಂತ್ರಕ್ಕೆ ಬಿಡುತ್ತೇನೆ. ಪದ ಬರೆಸಲೇಬೇಕಿದ್ದರೆ ಸಾಧ್ಯವಿರುವ ಎಲ್ಲ ಕಾಗುಣಿತವನ್ನೂ ಸರಿ ಉತ್ತರದ ಪಟ್ಟಿಗೆ ಸೇರಿಸಿಡುತ್ತೇನೆ.

ಚರ್ಚೆಯ ವೇದಿಕೆ, ಅಂದರೆ ಫೋರಂ. "ಅನುಮಾನಗಳಿದ್ದರೆ ಇಲ್ಲಿ ಕೇಳಿ" ಅಂತ ಒಂದು ತೆರೆದಿಟ್ಟಿದ್ದೆ. ಎರಡು ವರ್ಷ ಯಾರೂ ಏನೂ ಕೇಳಲಿಲ್ಲ. ನಮ್ಮ ಹುಡುಗರಿಗೆ ಎಲ್ಲರ ಮುಂದೆ ಅನುಮಾನ ಕೇಳುವುದೆಂದರೆ ಮರ್ಯಾದೆ ಹೋದ ಹಾಗೆ. ಕೇಳುವುದು ಬೇಡ, ಹೇಳಲಿ ಅಂತ ತಿರುಗಿಸಿದೆ. "ಈ ವಾರ ನಿಮ್ಮೂರ ಸಂತೆಯಲ್ಲಿ ಈರುಳ್ಳಿ, ಟೊಮೆಟೊ, ತೆಂಗಿನಕಾಯಿ ಬೆಲೆ ಎಷ್ಟು? ಯಾಕೆ ಅಷ್ಟು ಅಂತ ಅಂಗಡಿಯವರನ್ನು ಕೇಳಿ ಬರೆಯಿರಿ." ಮೂಡಲ್‌ನಲ್ಲಿ ಒಂದು ಬಗೆಯ ಫೋರಂ ಇದೆ. ತಾನು ಬರೆಯುವವರೆಗೆ ಬೇರೆಯವರು ಬರೆದದ್ದು ಕಾಣುವುದಿಲ್ಲ. ಬರೆದ ಮೇಲೂ ತಿದ್ದಲು ಅರ್ಧ ಗಂಟೆ ಸಮಯ, ಅದು ಕಳೆದ ನಂತರವೇ ಉಳಿದವು ತೆರೆಯುತ್ತವೆ. ಅದನ್ನೇ ಇಟ್ಟೆ. ಕಾಪಿ ಇಲ್ಲ. ಬಂದದ್ದು ನೋಡಿ ದಂಗಾದೆ. ಮಾತೇ ಆಡದ ಒಬ್ಬ ಹುಡುಗ, ಅವರಪ್ಪ ತರಕಾರಿ ಮಂಡಿಗೆ ಆಟೊ ಓಡಿಸುತ್ತಾರಂತೆ, ಕಮಿಷನ್ ಹೇಗೆ ಕತ್ತರಿಸುತ್ತಾರೆ ಅಂತ ಒಂದು ಪುಟ ಬರೆದಿದ್ದ. ಅರ್ಧ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ್ದರು. ಕೆಲವು ಮೇಷ್ಟ್ರುಗಳಿಗೆ ಅದು ಆಗುವುದಿಲ್ಲ. ನಾನು ಬಿಟ್ಟುಬಿಟ್ಟೆ. ಫೋನಿಗೆ ಬಾಯಿಂದ ಹೇಳಿದರೆ ಕನ್ನಡ ಲಿಪಿಯಲ್ಲೇ ಮೂಡುತ್ತದೆ ಅಂತ ಒಂದು ದಿನ ಕ್ಲಾಸಿನಲ್ಲಿ ತೋರಿಸಿದೆ. ಆಮೇಲೆ ತಾವಾಗಿಯೇ ಬದಲಾದರು.

ಅಸೈನ್‌ಮೆಂಟ್ ವಿಷಯದಲ್ಲಿ ನನ್ನಿಂದ ಒಂದು ದೊಡ್ಡ ಅವಾಂತರ ಆಯಿತು. "ಭಾನುವಾರ ರಾತ್ರಿ 12ರವರೆಗೆ" ಅಂದುಕೊಂಡು ಭಾನುವಾರದ ತಾರೀಖು ಹಾಕಿ 00:00 ಅಂತ ಇಟ್ಟೆ. ಅದು ಶನಿವಾರ ರಾತ್ರಿ ಮುಗಿದುಹೋಯಿತು. ಭಾನುವಾರ ಬೆಳಿಗ್ಗೆ ನನ್ನ ಫೋನಿಗೆ ಬಿಡುವೇ ಇಲ್ಲ. 23:59 ಅಂತ ಇಡಿ, ಜೀವ ಉಳಿಯುತ್ತದೆ. ಇನ್ನೊಂದು, ಅಲ್ಲಿ ಎರಡು ತಾರೀಖು ಇರುತ್ತವೆ. ಒಂದು ಗಡುವು, ದಾಟಿದರೆ "ತಡ" ಅಂತ ತೋರಿಸುತ್ತದೆ, ತೆಗೆದುಕೊಳ್ಳುತ್ತದೆ. ಇನ್ನೊಂದು ಬಾಗಿಲು ಮುಚ್ಚುವ ತಾರೀಖು. ಎರಡರ ನಡುವೆ ನಾಲ್ಕು ದಿನ ಬಿಡುತ್ತೇನೆ. ಕರೆಂಟು, ನೆಟ್‌ವರ್ಕ್, ಮನೆಯಲ್ಲಿ ಸಾವು, ಮದುವೆ, ಎಲ್ಲ ಆ ನಾಲ್ಕು ದಿನದಲ್ಲಿ ಹಿಡಿಸುತ್ತವೆ. ನನ್ನನ್ನು ಯಾರೂ ಬೇಡಬೇಕಿಲ್ಲ, ನಾನು ದೊಡ್ಡ ಮನಸ್ಸು ಮಾಡಿದೆ ಅಂತ ತೋರಿಸಿಕೊಳ್ಳಬೇಕಿಲ್ಲ. ಟೈಪ್ ಮಾಡಿದ ಪ್ರಬಂಧ ಕೇಳುವುದನ್ನು ಬಿಟ್ಟಿದ್ದೇನೆ. ಚಾಟ್‌ಜಿಪಿಟಿ ಬಂದ ಮೇಲೆ ಅವೆಲ್ಲ ಒಂದೇ ಗಂಟಲಿನಲ್ಲಿ ಮಾತಾಡುತ್ತವೆ. ಕೈಯಲ್ಲಿ ಒಂದೂವರೆ ಪುಟ ಬರೆದು ಫೋಟೊ ತೆಗೆದು ಏರಿಸಲಿ, ಕ್ಲಾಸಿನಲ್ಲಿ ಅದರ ಮೇಲೆ ಒಂದು ಪ್ರಶ್ನೆ ಕೇಳುತ್ತೇನೆ. ಫೋಟೊ ತಲೆಕೆಳಗಾಗಿ ಬಂದರೆ ಬೈಯುವುದಿಲ್ಲ, ತಿರುಗಿಸಿಕೊಂಡು ಓದುತ್ತೇನೆ.

2021ರ ಜೂನ್‌ನಲ್ಲಿ ಪತ್ರಿಕೆಗಳಲ್ಲಿ ಬಂದ ಒಂದು ಫೋಟೊ ನೀವು ನೋಡಿರುತ್ತೀರಿ. ಸುಳ್ಯ ತಾಲ್ಲೂಕಿನಲ್ಲಿ, ಸುರಿವ ಮಳೆಯಲ್ಲಿ, ನೆಟ್‌ವರ್ಕ್ ಸಿಗುವ ರಸ್ತೆ ಬದಿ ಕೂತು ಹುಡುಗಿ ಆನ್‌ಲೈನ್ ಪಾಠ ಕೇಳುತ್ತಿದ್ದಳು. ಅಪ್ಪ ಕೊಡೆ ಹಿಡಿದು ನಿಂತಿದ್ದರು. ಆ ಅಪ್ಪನನ್ನು ಮೆಚ್ಚಿ ಎಲ್ಲರೂ ಹಂಚಿಕೊಂಡರು. ನನಗೆ ಅದನ್ನು ನೋಡಿದರೆ ಮೇಷ್ಟ್ರುಗಳಾದ ನಮ್ಮ ಮೇಲೆ ಸಿಟ್ಟು ಬರುತ್ತದೆ. ಆ ಪಾಠ ಅದೇ ಗಂಟೆಗೆ ನೇರಪ್ರಸಾರದಲ್ಲೇ ಆಗಬೇಕಿತ್ತೇ? ಮೂಡಲ್‌ನ ಮೊಬೈಲ್ ಆ್ಯಪ್‌ನಲ್ಲಿ ಕಾಲೇಜಿನಲ್ಲಿ ಇರುವಾಗಲೇ ಓದನ್ನು ಇಳಿಸಿಕೊಂಡು ಹೋಗಬಹುದು. ಕ್ವಿಜ್ ಅನ್ನೂ ನೆಟ್ ಇಲ್ಲದೆ ಬರೆದು, ಮರುದಿನ ಸಿಗ್ನಲ್ ಸಿಕ್ಕ ಕಡೆ ಕಳಿಸಬಹುದು. ಅದಕ್ಕೆ ನೀವು ಸೆಟ್ಟಿಂಗ್‌ನಲ್ಲಿ ಒಂದು ಅನುಮತಿ ಕೊಡಬೇಕು. ಇಷ್ಟು ನಿಮಿಷದಲ್ಲೇ ಮುಗಿಸಬೇಕು ಅಂತ ಮಿತಿ ಇಟ್ಟರೆ ಮಾತ್ರ ಅದು ಆಗುವುದಿಲ್ಲ. ನಿಮಗೆ ನಿಮಿಷದ ಲೆಕ್ಕ ಮುಖ್ಯವೋ, ಬೆಟ್ಟದ ಹುಡುಗಿ ಮುಖ್ಯವೋ ನೀವೇ ನೋಡಿಕೊಳ್ಳಿ.

ವಾಟ್ಸಾಪ್ ಜೊತೆ ಜಗಳ ಬೇಡ. ಹುಡುಗರು ಇರುವುದು ಅಲ್ಲೇ. ನಾನು ಗ್ರೂಪಿಗೆ ಲಿಂಕ್ ಮಾತ್ರ ಹಾಕುತ್ತೇನೆ, ಫೈಲ್ ಹಾಕುವುದಿಲ್ಲ. ಹಾಗೆಯೇ ಯಾರು ಎಷ್ಟು ಸಲ ನೋಡಿದರು ಎಂಬ ದಾಖಲೆಯನ್ನು ತೀರಾ ನಂಬಬೇಡಿ. ನನ್ನ ಕ್ಲಾಸಿನ ಒಬ್ಬಳು ಓದನ್ನು ಒಂದು ಸಲವೂ ತೆರೆದಿರಲಿಲ್ಲ, ಕ್ವಿಜ್ ಮಾತ್ರ ಪ್ರತಿ ವಾರ ಸರಿ. ವಿಚಾರಿಸಿದರೆ, ಗೆಳತಿ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಬಸ್ಸಿನಲ್ಲಿ ಕೊಡುತ್ತಿದ್ದಳಂತೆ. ಇಬ್ಬರೂ ಬಸ್ಸಿನಲ್ಲಿ ಓದುತ್ತಿದ್ದರು. ಅದು ಯಾವ ದಾಖಲೆಗೆ ಸಿಗುತ್ತದೆ?

ಕೈ ಎತ್ತಿದ್ದೀರಿ, ಹೇಳಿ ಮೇಡಂ. "ಹದಿನಾರು ಗಂಟೆ ಪಾಠ, ಎಲೆಕ್ಷನ್ ಡ್ಯೂಟಿ, ಪೇಪರ್ ವ್ಯಾಲ್ಯುಯೇಷನ್. ಇದಕ್ಕೆಲ್ಲ ಟೈಮ್ ಎಲ್ಲಿದೆ ಸರ್?" ನಿಜ, ಇಲ್ಲ. ಅದರಲ್ಲೂ ಅತಿಥಿ ಉಪನ್ಯಾಸಕರಿಗೆ ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೇವೋ ಇಲ್ಲವೋ ಗೊತ್ತಿರುವುದಿಲ್ಲ. ಹಾಗಾಗಿ ಈ ವರ್ಷ ಒಂದೇ ಪೇಪರು, ಅದರಲ್ಲೂ ನಾಲ್ಕೇ ವಾರ ಮಾಡಿ. ಇಪ್ಪತ್ತು ಪ್ರಶ್ನೆ ಆಯಿತು. ಸೆಮಿಸ್ಟರ್ ಮುಗಿದಾಗ ಕೋರ್ಸಿನ ಬ್ಯಾಕಪ್ ತೆಗೆದು ನಿಮ್ಮ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ, ವಿದ್ಯಾರ್ಥಿಗಳ ಮಾಹಿತಿ ಬಿಟ್ಟು. ಬೇರೆ ಕಾಲೇಜಿಗೆ ಹೋದರೂ ಅಲ್ಲಿಯ ಮೂಡಲ್‌ನಲ್ಲಿ ಅದನ್ನು ಬಿಚ್ಚಿಕೊಳ್ಳಬಹುದು. ಆ ಪ್ರಶ್ನೆಗಳು ನಿಮ್ಮ ದುಡಿಮೆ, ಬಿಟ್ಟು ಹೋಗಬೇಡಿ.

ಊಟಕ್ಕೆ ಇನ್ನು ಹತ್ತು ನಿಮಿಷ ಇದೆ. ಎಲ್ಲರೂ ಒಂದು ಚೀಟಿ ತೆಗೆದುಕೊಳ್ಳಿ. ನಿಮ್ಮ ವಿಷಯದಲ್ಲಿ ಒಂದು ಪ್ರಶ್ನೆ, ಮೂರು ತಪ್ಪು ಆಯ್ಕೆ. ಪ್ರತಿ ತಪ್ಪಿನ ಪಕ್ಕದಲ್ಲಿ, ಹುಡುಗರು ಅದನ್ನು ಯಾಕೆ ಒತ್ತುತ್ತಾರೆ ಅಂತ ಬರೆಯಿರಿ.

(ಹತ್ತು ನಿಮಿಷದ ನಂತರ ಚೀಟಿಗಳನ್ನು ಓದಿದೆವು. ಕನ್ನಡ ಮೇಷ್ಟ್ರೊಬ್ಬರ ಚೀಟಿಯಲ್ಲಿ ಹೀಗಿತ್ತು: "ಅಕ್ಕಮಹಾದೇವಿಯ ಅಂಕಿತ ಯಾವುದು?" ಸರಿ ಉತ್ತರ ಚೆನ್ನಮಲ್ಲಿಕಾರ್ಜುನ. ಅವರ ಮೊದಲ ತಪ್ಪು ಆಯ್ಕೆ ಕಪಿಲಸಿದ್ಧಮಲ್ಲಿಕಾರ್ಜುನ, ಅಂದರೆ ಸಿದ್ಧರಾಮನ ಅಂಕಿತ. ಪಕ್ಕದಲ್ಲಿ ಬರೆದಿದ್ದರು: "ಮಲ್ಲಿಕಾರ್ಜುನ ಅಂತ ಕಂಡ ಕೂಡಲೇ ಒತ್ತುತ್ತಾರೆ. ಪೂರ್ತಿ ಓದುವುದಿಲ್ಲ." ಉಳಿದ ಎರಡು ಜಾಗ ಖಾಲಿ ಇತ್ತು. ಊಟದ ಸಾಲಿನಲ್ಲಿ ನಿಂತು ಅವರು, ನಾನು, ಇತಿಹಾಸದ ಮೇಡಂ ಮೂವರೂ ಸೇರಿ ಅದನ್ನು ತುಂಬಿದೆವು.)